ಚಳಿ ಹೊರಡುವ ಹೊತ್ತಿಗೆ ಹಳೇ ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿಯ ಎಳ್ಳುಬೆಲ್ಲ ಖಾಲಿಯಾಗಿದೆ, ಶಿವರಾತ್ರಿ ಇನ್ನೂ ಬಂದಿಲ್ಲ. ಈ ನಡುವಿನ ವಾರಗಳಲ್ಲಿ ಹೊಸ ಪುಸ್ತಕ ಹಿಡಿದರೆ ಎರಡು ಪುಟಕ್ಕೇ ಕಣ್ಣು ಎತ್ತಲೋ ಹೋಗುತ್ತದೆ. ಕಪಾಟಿನಲ್ಲಿರುವ ಹಳೇದನ್ನೇ ಮತ್ತೆ ತೆಗೆಯೋಣ ಅನಿಸುತ್ತದೆ. ಹಾಗೆ ತೆಗೆಯುವವರು, ತೆಗೆಯಲು ಹಿಂದೆ ಮುಂದೆ ನೋಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರ ಬರೆದಿರುವುದು ಹಳೇ ಪುಸ್ತಕಗಳ ಪಕ್ಷದವರು, ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಓದಿದ ಪುಸ್ತಕವನ್ನೇ ಮತ್ತೆ ಯಾಕೆ ಓದಬೇಕು? ಕತೆ ಗೊತ್ತಿರುತ್ತಲ್ಲ?

ಯಕ್ಷಗಾನಕ್ಕೆ ಹೊರಟವರನ್ನು ಯಾರೂ ಹೀಗೆ ಕೇಳುವುದಿಲ್ಲ. ಕರಾವಳಿಯ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟ ಶುರು ಮಾಡಿದರೆ ಮೇ ಕೊನೆಯ ಪತ್ತನಾಜೆಯವರೆಗೂ ಆಡುತ್ತವೆ. ಗದಾಯುದ್ಧದಲ್ಲಿ ಕೌರವ ಬೀಳುತ್ತಾನೆ ಅಂತ ಮುಂದಿನ ಸಾಲಿನಲ್ಲಿ ತೂಕಡಿಸುವ ಮಗುವಿಗೂ ಗೊತ್ತು. ಆದರೂ ಜನ ಬರುತ್ತಾರೆ. ಈ ರಾತ್ರಿಯ ಕೌರವ ಕೊಳದಿಂದ ಹೇಗೆ ಎದ್ದು ಬರುತ್ತಾನೆ, ಭೀಮನ ಚುಚ್ಚುಮಾತಿಗೆ ಏನು ಹೇಳುತ್ತಾನೆ ಅಂತ ನೋಡಬೇಕು ಅವರಿಗೆ. ಮಲೆನಾಡಿನ ಜಗಲಿಗಳಲ್ಲಿ ಜೈಮಿನಿ ಭಾರತ, ಗದುಗಿನ ಭಾರತ ಓದಿಸಿ ಕೇಳುತ್ತಿದ್ದವರಿಗೂ ಕತೆ ಹೊಸದಾಗಿರಲಿಲ್ಲ. ಗೊತ್ತಿರುವ ಕತೆಯನ್ನೇ ಮತ್ತೆ ಕೇಳುವುದು ನಮ್ಮಲ್ಲಿ ಹಳೇ ರೂಢಿ. ಒಂದು ಸಲ ಓದಿ ಬದಿಗಿಡುವುದೇ ಈಚಿನ ಅಭ್ಯಾಸ.

ಲ್ಯಾಬಿನವರ ಮಾತೂ ಬೇಕು ಅನ್ನುವವರಿಗೆ ಒಂದು ವಿಷಯ. 2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ವಿಶ್ವವಿದ್ಯಾಲಯವೊಂದರ ಇಬ್ಬರು ಸಂಶೋಧಕರು ಸಣ್ಣಕತೆಗಳ ಕೊನೆಯನ್ನು ಮೊದಲೇ ಹೇಳಿ ಓದಲು ಕೊಟ್ಟರು. ಕೊನೆ ಗೊತ್ತಿದ್ದವರೇ ಸರಾಸರಿಯಲ್ಲಿ ಕತೆಯನ್ನು ಸ್ವಲ್ಪ ಜಾಸ್ತಿ ಇಷ್ಟಪಟ್ಟರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಇದಕ್ಕೆ ಉಲ್ಟಾ ಫಲಿತಾಂಶವೂ ಬಂದಿದೆ. ಹಾಗಾಗಿ ಇದನ್ನು ವೇದವಾಕ್ಯ ಅಂದುಕೊಳ್ಳಬೇಡಿ. ನಮಗೆ ಯಕ್ಷಗಾನದ ಸಾಕ್ಷಿಯೇ ಸಾಕು.

ಅದಕ್ಕೆ ಚಳಿಗಾಲದ ಕೊನೆಯೇ ಯಾಕೆ? ಮಳೆಗಾಲ ಅಲ್ವಾ ಓದುವ ಕಾಲ?

ಮಳೆಗಾಲ ಪುರುಸೊತ್ತಿನ ಕಾಲ, ಹೊಸ ಪುಸ್ತಕಕ್ಕೆ ಒಳ್ಳೇದು. ಮಾಘ ಹಾಗಲ್ಲ. ತೋಟದವರಿಗೆ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಸಾಕಾಗಿರುತ್ತದೆ. ಕಾಫಿ ಕಡೆಯವರಿಗೆ ಅರೇಬಿಕಾ ಮುಗಿಯಿತು ಅನ್ನುವಷ್ಟರಲ್ಲಿ ರೊಬಸ್ಟಾ ಕೊಯ್ಲು. ಮಕ್ಕಳಿಗೆ ಪರೀಕ್ಷೆ, ಆಫೀಸಿನವರಿಗೆ ಮಾರ್ಚ್ ಕೊನೆಯ ಲೆಕ್ಕ. ಬೀದರ್, ವಿಜಯಪುರದ ಕಡೆ ರಾತ್ರಿ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗೆ ಇಳಿದು, ಮಧ್ಯಾಹ್ನ ಬೆವರು ಬರುವಂಥ ಬಿಸಿಲು. ತುಟಿ ಒಡೆದಿರುತ್ತದೆ, ಮೈ ದಣಿದಿರುತ್ತದೆ. ಇಂಥ ಹೊತ್ತಿನಲ್ಲಿ ಹೊಸ ಕಾದಂಬರಿಯ ಇಪ್ಪತ್ತು ಹೆಸರು ನೆನಪಿಟ್ಟುಕೊಂಡು, ಯಾರು ಯಾರ ಭಾವಮೈದ ಅಂತ ಲೆಕ್ಕ ಹಾಕಲು ತಲೆ ಒಪ್ಪುವುದಿಲ್ಲ. ಹಳೇ ಪುಸ್ತಕದ ಜನ ಮೊದಲೇ ಪರಿಚಯ. ಸುಮ್ನೆ ಹೋಗಿ ಅವರ ಜೊತೆ ಕೂರಬಹುದು.

‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತೆ’ ಅನ್ನುತ್ತಾರೆ. ಅಲ್ಲಿಗೆ ಈ ಕಾಲವೂ ಮುಗಿಯಿತು. ಆಮೇಲೆ ಸೆಕೆ, ಮದುವೆಗಳು, ಮಾವಿನಕಾಯಿ. ಓದು ಮೂಲೆ ಸೇರುತ್ತದೆ.

ಯಾವ ಪುಸ್ತಕದಿಂದ ಶುರು ಮಾಡಲಿ?

ದೊಡ್ಡ ಪುಸ್ತಕ ಯಾವುದು, ಪ್ರಶಸ್ತಿ ಬಂದದ್ದು ಯಾವುದು ಅಂತ ಹುಡುಕಬೇಡಿ. ಯಾವ ಪುಸ್ತಕದ ಮನೆಯಲ್ಲಿ ನಾಲ್ಕು ದಿನ ಇದ್ದು ಬರಬೇಕು ಅನಿಸುತ್ತದೆ ಅಂತ ಕೇಳಿಕೊಳ್ಳಿ. ಅದೊಂದೇ ಪ್ರಶ್ನೆ ಸಾಕು.

ನಮ್ಮ ಮಟ್ಟಿಗೆ ಮೊದಲ ಹೆಸರು ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943). ಅದರಲ್ಲಿ ನಿಜವಾಗಿಯೂ ಹಾಗೇ ಆಗುತ್ತದೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ, ಗೊತ್ತೇ ಇಲ್ಲದ ವೃದ್ಧ ದಂಪತಿಯ ಮನೆಗೆ ಬರುತ್ತಾನೆ. ಇವತ್ತು ಹೊರಡುತ್ತೇನೆ ಅಂದರೆ ಗೋಪಾಲಯ್ಯ ಬಿಡುವುದಿಲ್ಲ. ಊಟ, ಉಪಚಾರ, ತೋಟ ನೋಡುವುದು, ಹರಟೆ. ಮೊದಲ ಓದಿನಲ್ಲಿ ಮುದುಕರ ಮಗ ಎಲ್ಲಿ ಹೋದ, ಸಿಗುತ್ತಾನಾ ಅಂತ ನಾವು ಅವಸರದಲ್ಲಿರುತ್ತೇವೆ. ಮತ್ತೆ ಓದುವಾಗ ಆ ಅವಸರ ಇರುವುದಿಲ್ಲ. ಆಗ ಗೋಪಾಲಯ್ಯನ ಮಾತಿನ ಅಬ್ಬರದ ಹಿಂದೆ ಏನಿದೆ ಅನ್ನುವುದು ಕಾಣುತ್ತದೆ. ಅತಿಥಿಯನ್ನು ಅಷ್ಟು ಹಟ ಹಿಡಿದು ಉಳಿಸಿಕೊಳ್ಳುವುದು ಬರೀ ಆದರ ಅಲ್ಲ. ಮಗ ಬಿಟ್ಟುಹೋದ ಮನೆಗೆ ಒಂದು ದನಿ ಬೇಕಾಗಿದೆ.

ಎರಡನೆಯದು ತೇಜಸ್ವಿಯವರ ‘ಕರ್ವಾಲೊ’ (1980). ಮೊದಲ ಸಲ ಎಲ್ಲರೂ ಹಾರುವ ಓತಿಯ ಹಿಂದೆ ಓಡುತ್ತಾರೆ. ಓತಿ ಏನಾಯಿತು ಅಂತ ಗೊತ್ತಾದ ಮೇಲೆ ಓದಿ ನೋಡಿ. ಮಂದಣ್ಣನ ಜೇನು, ಅವನ ಮದುವೆಯ ಫಜೀತಿ, ಪ್ಯಾರನ ಮಾತು, ಕಿವಿ ಎಂಬ ನಾಯಿ, ಬಿರಿಯಾನಿ ಕರಿಯಪ್ಪ: ಇವರೆಲ್ಲ ಆಗ ಮುಂದೆ ಬರುತ್ತಾರೆ. ಊರಿನವರು ಉಡಾಳ ಅಂದುಕೊಂಡ ಹುಡುಗನಲ್ಲಿ ಒಬ್ಬ ವಿಜ್ಞಾನಿ ಏನು ಕಂಡ ಅನ್ನುವುದು ಎರಡನೇ ಓದಿಗೇ ಸರಿಯಾಗಿ ದಕ್ಕುತ್ತದೆ. ತೆಳ್ಳಗಿನ ಪುಸ್ತಕ, ಭಾನುವಾರಕ್ಕೊಂದು ಅಂತ ಇಟ್ಟುಕೊಂಡರೆ ಸಂಜೆಗೆ ಮುಗಿಯುತ್ತದೆ.

ವಯಸ್ಸು ನಲವತ್ತು ದಾಟಿದ್ದರೆ ಕಾರಂತರದೇ ‘ಮರಳಿ ಮಣ್ಣಿಗೆ’ (1941) ತೆಗೆಯಿರಿ. ಕಾಲೇಜಿನಲ್ಲಿ ಓದಿದಾಗ ನಾವೆಲ್ಲ ಮೂರನೇ ತಲೆಮಾರಿನ ರಾಮನ ಕಡೆಯವರು. ಓದು, ಪಟ್ಟಣ, ನಿರುದ್ಯೋಗ, ಕೊನೆಗೆ ಊರು. ಈಗ ಓದಿದರೆ ಪಾರೋತಿ, ಸರಸೋತಿಯರೇ ಕಣ್ಣಿಗೆ ಕಟ್ಟುತ್ತಾರೆ. ಕಡಲ ಬದಿಯ ಆ ಮನೆ ನಿಂತಿದ್ದೇ ಆ ಇಬ್ಬರು ಹೆಂಗಸರ ದುಡಿಮೆಯ ಮೇಲೆ. ಅದು ಮೊದಲಿಂದಲೂ ಪುಸ್ತಕದಲ್ಲೇ ಇತ್ತು, ನಮಗೆ ಕಂಡಿರಲಿಲ್ಲ.

ನಗಬೇಕು ಅನಿಸಿದರೆ ಗೊರೂರರ ‘ಹಳ್ಳಿಯ ಚಿತ್ರಗಳು’. ಎಲ್ಲಿಂದ ಬೇಕಾದರೂ ತೆರೆಯಬಹುದು.

ಸಮಾಧಾನ ಕೊಡುವ ಪುಸ್ತಕ ಅಂದರೆ ಕೊನೆಯಲ್ಲಿ ಎಲ್ಲ ಒಳ್ಳೆಯದಾಗಬೇಕಾ?

ಹಾಗೇನಿಲ್ಲ. ಭೈರಪ್ಪನವರ ‘ಗೃಹಭಂಗ’ (1970) ಓದಿದವರಿಗೆ ಗೊತ್ತು, ಅದರಲ್ಲಿ ಪ್ಲೇಗು ಇದೆ, ಬರ ಇದೆ, ಮಕ್ಕಳ ಸಾವಿದೆ. ಆದರೂ ಅದನ್ನು ಮತ್ತೆ ಮತ್ತೆ ಓದುವ ಎಷ್ಟೋ ಅಮ್ಮಂದಿರು, ಅಜ್ಜಿಯರು ಇದ್ದಾರೆ. ಕೇಳಿದರೆ ‘ನಂಜಮ್ಮನಿಗೋಸ್ಕರ’ ಅನ್ನುತ್ತಾರೆ. ಗಂಡ ಮಾಡಬೇಕಾದ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನು ಕೂತು ಬರೆಯುವ, ಮುತ್ತುಗದ ಎಲೆ ಹಚ್ಚಿ ಮನೆ ನಡೆಸುವ ನಂಜಮ್ಮ. ಕಷ್ಟವನ್ನು ಬಣ್ಣ ಹಚ್ಚದೆ ಹೇಳಿದ ಪುಸ್ತಕ ಓದುವಾಗ ‘ಇದು ನನಗೊಬ್ಬಳಿಗೇ ಬಂದದ್ದಲ್ಲ’ ಅನಿಸುತ್ತದೆ. ಸಿಹಿ ಕತೆಗಿಂತ ಅದು ಕೆಲವರಿಗೆ ಹೆಚ್ಚು ಹಿತ.

ಆದರೆ ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಪ್ಲೇಗಿನ ಅಧ್ಯಾಯಗಳನ್ನು ಬಿಟ್ಟು ಓದಿ. ಗೊತ್ತಿರುವ ಪುಸ್ತಕದ ಅನುಕೂಲವೇ ಅದು, ಎಲ್ಲಿ ಹಾರಬೇಕು ಅಂತ ಮೊದಲೇ ಗೊತ್ತು.

‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಶುರು ಮಾಡಿ ನೂರನೇ ಪುಟಕ್ಕೆ ಬಿಟ್ಟಿದ್ದೇನೆ. ಇದೂ ಮರು ಓದೇ?

ನೂರು ಪುಟದ ಮಟ್ಟಿಗೆ ಹೌದು! ಈ ಕಾದಂಬರಿ (1967) ಬಿಟ್ಟವರ ಸಂಖ್ಯೆ ದೊಡ್ಡದು, ಸಂಕೋಚ ಬೇಡ. ಇದರಲ್ಲಿ ಒಬ್ಬ ನಾಯಕ ಅಂತ ಹಿಡಿದುಕೊಂಡು ಹೋಗಲು ಬರುವುದಿಲ್ಲ. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲಲ್ಲೇ ಹೇಳಿಬಿಟ್ಟಿದ್ದಾರೆ. ಒಂದು ಉಪಾಯ: ಈ ಸಲ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನನ್ನು ಮಾತ್ರ ಹಿಂಬಾಲಿಸಿ. ಉಳಿದ ಮನೆಗಳು, ಹೆಸರುಗಳು ಕಲಸಿಹೋದರೆ ಹೋಗಲಿ. ಮುಂದಿನ ವರ್ಷ ಐತ, ಪೀಂಚಲು. ಹೀಗೆ ಓದಿದರೆ ಮೂರನೇ ವರ್ಷಕ್ಕೆ ಇಡೀ ಮಲೆನಾಡು ತಾನಾಗಿ ಕೂಡಿಕೊಳ್ಳುತ್ತದೆ. ಹುಲಿಯನ ಕೊನೆ ಗೊತ್ತಿರುವವರು ಕೊನೆಯ ಪುಟಗಳನ್ನು ಮಲಗುವ ಹೊತ್ತಿಗೆ ಓದಬೇಡಿ.

ಪತ್ತೇದಾರಿ ಕಾದಂಬರಿಯನ್ನು ಮತ್ತೆ ಓದಿದರೆ ಮಜಾ ಇರುತ್ತಾ?

ಕೊಲೆಗಾರ ಗೊತ್ತಿದ್ದರೆ ಲೇಖಕ ನಿಮ್ಮ ಕಣ್ಣಿಗೆ ಎಲ್ಲಿ ಮಣ್ಣೆರಚಿದ ಅಂತ ನೋಡುವ ಮಜಾ ಬೇರೆ. ಎನ್. ನರಸಿಂಹಯ್ಯನವರ ಪುರುಷೋತ್ತಮನ ಸಾಹಸಗಳು ಸಿಕ್ಕರೆ ಬಿಡಬೇಡಿ. ನಾಲ್ಕನೇ ತರಗತಿಯವರೆಗೆ ಓದಿದ ಆ ಮನುಷ್ಯ ನೂರಾರು ಕಾದಂಬರಿ ಬರೆದು ಒಂದು ಇಡೀ ತಲೆಮಾರಿಗೆ ಓದುವ ಚಟ ಹತ್ತಿಸಿದರು.

ಪುಟಗಟ್ಟಲೆ ಓದಲು ಆಗುವುದಿಲ್ಲ. ಚಿಕ್ಕದು ಏನಾದರೂ?

ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ. ರಾತ್ರಿಗೊಂದು, ಅಷ್ಟೇ. ಇಲ್ಲವೆಂದರೆ ‘ಮೈಸೂರು ಮಲ್ಲಿಗೆ’ (1942). ಅದರ ಹಾಡುಗಳು ಕಿವಿಯಲ್ಲಿ ಕೂತಿರುವುದರಿಂದ ಓದುವಾಗ ರಾಗ ಅಡ್ಡ ಬರುತ್ತದೆ. ಸ್ವಲ್ಪ ಗಟ್ಟಿಯಾಗಿ, ಮಾತಿನ ದನಿಯಲ್ಲಿ ಓದಿ ನೋಡಿ, ಪದ್ಯ ಬೇರೆಯೇ ಕೇಳಿಸುತ್ತದೆ.

ಚಿಕ್ಕವಳಿದ್ದಾಗ ಪ್ರಾಣವಾಗಿದ್ದ ಪುಸ್ತಕ ಈಗ ಓದಿದರೆ ಸಿಟ್ಟು ಬಂತು. ಏನು ಮಾಡಲಿ?

ಇದು ಆಗುವಂಥದ್ದೇ. ಐವತ್ತು ಅರವತ್ತು ವರ್ಷದ ಹಿಂದಿನ ಜನಪ್ರಿಯ ಕಾದಂಬರಿಗಳಲ್ಲಿ ಓದಿದ ಹುಡುಗಿಯನ್ನು ‘ದಾರಿಗೆ ತರುವುದು’, ಕೆಲಸದವರನ್ನು ಏಕವಚನದಲ್ಲಿ ಗದರುವುದು, ಜಾತಿ ನೋಡಿ ಗುಣ ಹೇಳುವುದು ಬೇಕಾದಷ್ಟಿದೆ. ಹದಿನಾರರಲ್ಲಿ ಓದುವಾಗ ನಾಯಕಿಯ ಸೀರೆಯ ಬಣ್ಣ ಮಾತ್ರ ಕಂಡಿತ್ತು.

ಸಿಟ್ಟು ಬಂದರೆ ಬರಲಿ, ಪುಸ್ತಕ ಮುಚ್ಚಿಡಿ. ಅದನ್ನು ಸಮರ್ಥಿಸಿಕೊಳ್ಳುವ ಜವಾಬ್ದಾರಿ ನಿಮ್ಮದಲ್ಲ. ಅದೇ ಕಾಲದ ಬೇರೆಯವರನ್ನು ಹಿಡಿಯಿರಿ. ತ್ರಿವೇಣಿ 1963ರಲ್ಲಿ ತೀರಿಕೊಂಡರು, ಆಗ ಅವರಿಗೆ ಮೂವತ್ತೈದರ ಆಸುಪಾಸು. ಹೆರಿಗೆಯ ನಂತರ ಹೆಣ್ಣಿನ ಮನಸ್ಸಿಗೆ ಬರುವ ಕಾಯಿಲೆ, ಅದಕ್ಕಿಂತ ಹೆಚ್ಚಾಗಿ ಗುಣವಾಗಿ ಬಂದವಳನ್ನು ಮನೆಯವರು ನೋಡುವ ರೀತಿ: ಇದನ್ನು ಅವರು ‘ಶರಪಂಜರ’ದಲ್ಲಿ ಆ ಕಾಲಕ್ಕೇ ಬರೆದರು. ಸಿನಿಮಾ ನೋಡಿದ್ದೇವೆ ಅಂತ ಬಿಟ್ಟವರು ಪುಸ್ತಕವನ್ನು ಮತ್ತೆ ಓದಬೇಕು.

ಹಳೇ ಪುಸ್ತಕ ತೆಗೆದರೆ ಸೀನು ಬರುತ್ತೆ, ಹಾಳೆ ಮುಟ್ಟಿದರೆ ಮುರಿಯುತ್ತೆ. ಏನು ಮಾಡಬಹುದು?

ಇದಕ್ಕೆ ಈ ಒಣ ಹವೆಯ ಕಾಲವೇ ಸರಿ. ಮುಂಗಾರು ಬಂದ ಮೇಲೆ ಪುಸ್ತಕ ಹೊರಗೆ ತೆಗೆದರೆ ತೇವ ಹಿಡಿಯುತ್ತದೆ.

ಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪುಸ್ತಕವನ್ನು ಮುಚ್ಚಿದ ಹಾಗೇ ಹಿಡಿದು, ಮೇಲಿನ ಅಂಚನ್ನು ಒಣ ಬ್ರಷ್ಷಿನಿಂದ ಗುಡಿಸಿ. ಧೂಳೆಲ್ಲ ಕೂತಿರುವುದು ಅಲ್ಲೇ. ಒದ್ದೆ ಬಟ್ಟೆ ಬೇಡ. ಆಮೇಲೆ ನೆರಳಿನಲ್ಲಿ, ಗಾಳಿಯಾಡುವ ಕಡೆ, ಪುಟ ಸ್ವಲ್ಪ ಬಿಡಿಸಿ ನಿಲ್ಲಿಸಿ. ಹಪ್ಪಳ ಒಣಹಾಕಿದ ಹಾಗೆ ನೇರ ಬಿಸಿಲಿಗೆ ಹರವಬೇಡಿ, ಹಾಳೆ ಇನ್ನಷ್ಟು ಹಳದಿಯಾಗಿ ಪೆಡಸಾಗುತ್ತದೆ. ಅಗ್ಗದ ಕಾಗದದಲ್ಲೇ ಇರುವ ಆಮ್ಲ ವರ್ಷ ಕಳೆದಂತೆ ಹಾಳೆಯನ್ನು ತಿನ್ನುತ್ತದೆ. ಬಿಸಿಲು, ಸೆಕೆ ಅದಕ್ಕೆ ಸಹಾಯ ಮಾಡುತ್ತವೆ.

ಹರಿದ ಕಡೆ ಸೆಲ್ಲೋಟೇಪ್ ಅಂಟಿಸಲೇಬೇಡಿ. ಕೆಲವೇ ವರ್ಷಕ್ಕೆ ಟೇಪು ಒಣಗಿ ಉದುರಿ, ಅದರ ಅಂಟು ಕಂದು ಕಲೆಯಾಗಿ ಉಳಿಯುತ್ತದೆ, ಕೆಳಗಿನ ಅಕ್ಷರ ಹೋಗುತ್ತದೆ. ತೆಳು ಕಾಗದದ ಪಟ್ಟಿಗೆ ಮೈದಾ ಗಂಜಿ ತೀರಾ ತೆಳ್ಳಗೆ ಸವರಿ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಗಂಜಿ ಜಾಸ್ತಿಯಾದರೆ ಹುಳಕ್ಕೆ ಊಟ ಹಾಕಿದಂತೆ ಆಗುತ್ತದೆ. ಬೆಳ್ಳಿ ಬಣ್ಣದ ಆ ಓಡುವ ಹುಳಕ್ಕೆ ಗಂಜಿ ಅಂದರೆ ಪ್ರಾಣ. ಬಜೆ ಬೇರಿನ ತುಂಡು, ಬೇವಿನ ಒಣ ಎಲೆ ಕಪಾಟಿನಲ್ಲಿ ಇಡುವ ಹಳೇ ಪದ್ಧತಿ ಮುಂದುವರಿಸಬಹುದು. ಎಲೆಯನ್ನು ಪುಟಗಳ ನಡುವೆ ಇಟ್ಟರೆ ಕಲೆಯಾಗುತ್ತದೆ, ಬಟ್ಟೆಯ ಚೀಲದಲ್ಲಿ ಕಟ್ಟಿ ಇಡಿ.

ಕೆಲವರ ಮನೆಯಲ್ಲಿ ಇನ್ನೊಂದು ಬಗೆಯ ಪುಸ್ತಕ ಇರುತ್ತದೆ. ‘ಸುಧಾ’, ‘ತರಂಗ’ದಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕತ್ತರಿಸಿ, ರಟ್ಟು ಹಾಕಿ, ದಬ್ಬಳದಿಂದ ತೂತು ಮಾಡಿ ದಾರದಲ್ಲಿ ಹೊಲಿದದ್ದು. ಹಾಳೆಯ ಹಿಂದೆ ಅರ್ಧ ಪದಬಂಧ, ಯಾವುದೋ ತಲೆನೋವಿನ ಮುಲಾಮಿನ ಜಾಹೀರಾತು. ನಡುವೆ ಒಂದು ಕಂತು ಕಾಣೆ, ಆ ವಾರದ ಸಂಚಿಕೆಯನ್ನು ಪಕ್ಕದ ಮನೆಯವರು ಒಯ್ದಿರುತ್ತಾರೆ. ಆ ಕಾಗದ ಬಹಳ ಬೇಗ ಪುಡಿಯಾಗುತ್ತದೆ. ಇದನ್ನು ಮಾತ್ರ ಫೋನಿನಲ್ಲಿ ಪುಟಪುಟವಾಗಿ ಫೋಟೊ ತೆಗೆದಿಟ್ಟುಕೊಳ್ಳಿ. ಅದೇ ಕಾದಂಬರಿ ಅಂಗಡಿಯಲ್ಲಿ ಸಿಗಬಹುದು, ಆದರೆ ಆ ಕಾಲದ ಚಿತ್ರಗಳು ಅದರಲ್ಲಿ ಇರುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಪಿಡಿಎಫ್ ಬರುತ್ತಲ್ಲ, ಅದನ್ನೇ ಓದಬಹುದಾ?

ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮರಣದ ಮುಂದಿನ ವರ್ಷದ ಜನವರಿಯಿಂದ ಲೆಕ್ಕ. ಹಾಗಾಗಿ 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರದ್ದು, 1962ರಲ್ಲಿ ಹೋದ ದೇವುಡು ಅವರದ್ದು, ತ್ರಿವೇಣಿಯವರದ್ದು ಈಗ ಮುಕ್ತ. ಕಾರಂತರು ಹೋದದ್ದು 1997ರಲ್ಲಿ, ಅವರ ಪುಸ್ತಕಗಳಿಗೆ 2057ರ ಕೊನೆಯವರೆಗೆ ಹಕ್ಕು ಇದೆ. ತೇಜಸ್ವಿಯವರದ್ದು 2067ರವರೆಗೆ. ಇವರ ಪಿಡಿಎಫ್ ಹಂಚುವ ಕಾಕಾಗಳಿಗೆ ಇದನ್ನು ಮೆಲ್ಲಗೆ ಹೇಳಿ. ಹೊಸ ಮುದ್ರಣ ಸಿಗುತ್ತಿರುವ ಪುಸ್ತಕಗಳು ಇವು, ಬೆಲೆಯೂ ದೊಡ್ಡದಲ್ಲ. ಫೋನಿನಲ್ಲೇ ಓದಬೇಕೆಂದರೆ ಮೈಲ್ಯಾಂಗ್‌ನಂಥ ಕನ್ನಡ ಇ-ಪುಸ್ತಕದ ಆ್ಯಪ್‌ಗಳಿವೆ.

ಆದರೂ ಮರು ಓದಿಗೆ ನಿಮ್ಮ ಹಳೇ ಪ್ರತಿಯೇ ಮೇಲು. ಯಾವ ಮಾತು ಎಡಪುಟದ ಕೆಳಗಿದೆ ಅಂತ ಕೈಗೆ ನೆನಪಿರುತ್ತದೆ.

ಟೊರಾಂಟೊದಲ್ಲಿದ್ದೇನೆ. ಇಲ್ಲಿ ಫೆಬ್ರವರಿ ಅಂದರೆ ಚಳಿ ಹೋಗುವ ಮಾತೇ ಇಲ್ಲ.

ನಿಮಗೆ ಇದು ನಮಗಿಂತ ಜಾಸ್ತಿ ಬೇಕು. ‘ಅಮೆರಿಕಾದಲ್ಲಿ ಗೊರೂರು’ (1979) ತರಿಸಿಕೊಳ್ಳಿ. ಊರಿನಲ್ಲಿದ್ದಾಗ ಅದನ್ನು ತಮಾಷೆಯ ಪ್ರವಾಸ ಕಥನ ಅಂತ ಓದಿರುತ್ತೀರಿ. ಅಪ್ಪ ಅಮ್ಮ ನಿಮ್ಮ ಮನೆಗೆ ಆರು ತಿಂಗಳು ಬಂದು ಹೋದ ಮೇಲೆ ಓದಿದರೆ ಅವರು ದಿನವಿಡೀ ಕಿಟಕಿಯ ಹತ್ತಿರ ಕೂತು ಏನು ನೋಡುತ್ತಿದ್ದರು ಅಂತ ಅರ್ಥವಾಗುತ್ತದೆ.

ಇನ್ನೊಂದು ದಾರಿ, ಊರಿನವರ ಜೊತೆ ಓದುವುದು. ಚಳಿಗಾಲದಲ್ಲಿ ನಿಮಗೆ ರಾತ್ರಿ 8 ಗಂಟೆಯಾದಾಗ ಇಲ್ಲಿ ಮರುದಿನದ ಬೆಳಿಗ್ಗೆ 6:30. ಅಮ್ಮ ಕಾಫಿ ಹಿಡಿದು ಕೂತಿರುತ್ತಾರೆ. ವಿಡಿಯೊ ಕಾಲ್‌ನಲ್ಲಿ ‘ಹುಷಾರಾಗಿದ್ದೀಯಾ, ಊಟ ಆಯ್ತಾ’ ಮುಗಿದ ಮೇಲೆ ಮಾತಿಲ್ಲದೆ ಒದ್ದಾಡುವ ಬದಲು ನಾಲ್ಕು ಪುಟ ಓದಿಸಿಕೊಳ್ಳಿ. ಆಸ್ಟ್ರೇಲಿಯಾದವರಿಗೆ ಚಳಿಗಾಲದ ಕೊನೆ ಬರುವುದು ಆಗಸ್ಟಿನಲ್ಲಿ. ಇಲ್ಲಿ ಆಗ ಜಡಿಮಳೆ, ಕುವೆಂಪು ಓದಲು ಎರಡೂ ಕಡೆಗೆ ಸರಿಹೊಂದುತ್ತದೆ.

ಮಗು ದಿನಾ ರಾತ್ರಿ ಅದೇ ಪುಸ್ತಕ ಓದು ಅಂತ ಹಟ ಮಾಡುತ್ತೆ.

ಓದಿ. ಮಕ್ಕಳು ಮರು ಓದಿನ ಗುರುಗಳು. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಒಂದು ಸಾಲು ಹಾರಿಸಿ ನೋಡಿ, ಅಲ್ಲೇ ಹಿಡಿಯುತ್ತವೆ. ರಾಷ್ಟ್ರೋತ್ಥಾನದವರ ‘ಭಾರತ ಭಾರತಿ’ಯ ಪುಟ್ಟ ಪುಸ್ತಕಗಳು ಒಟ್ಟು 510. ಅಜ್ಜನ ಮನೆಯ ಅಟ್ಟದಲ್ಲಿ ಅವುಗಳ ಒಂದು ಕಟ್ಟು ಇದ್ದೀತು, ಹುಡುಕಿ.

ಹೀಗೆ ಹಳೇದನ್ನೇ ಓದುತ್ತಾ ಕೂತರೆ ಹೊಸ ಲೇಖಕರ ಗತಿ?

ವರ್ಷದಲ್ಲಿ ಹನ್ನೊಂದು ತಿಂಗಳು ಅವರದ್ದೇ.

ಓದಿದರೂ ಬೇಸರ ಹೋಗುತ್ತಿಲ್ಲ.

ಚಳಿಯ ಮಂಕು ಒಂದು, ಮನಸ್ಸಿನ ಕಾಯಿಲೆ ಇನ್ನೊಂದು. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಊಟ ಕೆಟ್ಟಿದ್ದರೆ, ಪ್ರೀತಿಯ ಪುಸ್ತಕವೂ ಬೇಡವಾಗಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಪುಸ್ತಕ ಮದ್ದಲ್ಲ. ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಿ.

ನನ್ನ ಪ್ರತಿಯನ್ನು ಯಾರೋ ಓದಲು ಒಯ್ದರು, ವಾಪಸ್ ಬಂದಿಲ್ಲ.

ಬರುವುದೂ ಇಲ್ಲ. ಕೇಳಿದರೆ ‘ಅಯ್ಯೋ, ಅದನ್ನು ಅವತ್ತೇ ಕೊಟ್ಟೆನಲ್ಲಾ’ ಅನ್ನುತ್ತಾರೆ, ಸ್ನೇಹ ಕೆಡುತ್ತದೆ. ಹೊಸ ಮುದ್ರಣ ಸಾಕು ಅನ್ನುವವರು ಗಾಂಧಿ ಬಜಾರಿನ ಅಂಕಿತ, ಸಪ್ನ, ನವಕರ್ನಾಟಕದಲ್ಲಿ ಕೇಳಿ. ಹಳೇ ಮುದ್ರಣವೇ ಬೇಕೆಂದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಹತ್ತಿರ ಹೋಗಿ, ಪಠ್ಯಪುಸ್ತಕಗಳ ರಾಶಿಯ ಕೆಳಗೆ ಕೈ ಹಾಕಬೇಕು. ಧಾರವಾಡದವರಿಗೆ 1933ರಿಂದ ಇರುವ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಕೊಳ್ಳುವುದು ಬೇಡ ಅಂದರೆ ಊರಿನ ಗ್ರಂಥಾಲಯ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯಕ್ಕೆ ಈ ತಿಂಗಳಲ್ಲಿ ಹೋದರೆ ಹೊರಗೆ ಟಬೆಬುಯಾ ಹೂವೂ ನೋಡಿ ಬರಬಹುದು. ಹಳ್ಳಿಗಳಲ್ಲಿ ಪಂಚಾಯಿತಿ ಲೈಬ್ರರಿಗೆ ಈಗ ‘ಅರಿವು ಕೇಂದ್ರ’ ಅಂತ ಬೋರ್ಡು ಹಾಕಿದ್ದಾರೆ, ಅಲ್ಲಿ ವಿಚಾರಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕೊನೆಯ ಪುಟ ಇದೆಯಾ ಅಂತ ಮೊದಲು ನೋಡಿ. ಕತೆ ನಿಮಗೆ ಗೊತ್ತು, ನಿಜ. ನಿಮ್ಮಿಂದ ಆ ಪ್ರತಿಯನ್ನು ಓದಲು ಒಯ್ಯುವವರಿಗೆ ಗೊತ್ತಿರುವುದಿಲ್ಲ.